ವರ್ಜೀನಿಯಾದಲ್ಲಿ ಸಿಕ್ಕ ಸ್ಪೀಡಿಂಗ್ ಟಿಕೆಟ್: ನ್ಯೂಜೆರ್ಸಿಯಿಂದಲೇ ಆನ್‌ಲೈನ್‌ನಲ್ಲಿ ಕಟ್ಟಿ ಮುಗಿಸಬಹುದಾ?

ಗಂಟೆಗೆ 70 ಮೈಲಿ ಮಿತಿಯ ರಸ್ತೆಯಲ್ಲಿ 88. ಸಿಕ್ಕಿಬಿದ್ದದ್ದು ವರ್ಜೀನಿಯಾದಲ್ಲಿ, ಮನೆ ಇರುವುದು ನ್ಯೂಜೆರ್ಸಿಯಲ್ಲಿ, ಕೆಲಸದ ವೀಸಾ, ಎಚ್-1ಬಿ. ಟಿಕೆಟ್ ಹಾಳೆಯಲ್ಲಿ ಕೋರ್ಟ್ ದಿನ 05/06 ಅಂತ ಇದೆ, ಇನ್ನೂ ಬೇಕಾದಷ್ಟು ಟೈಮಿದೆ, ಅಷ್ಟರೊಳಗೆ ಕೂತಲ್ಲೇ ಕಟ್ಟಿಬಿಡಲಾ ಅಂತ ಕೇಳಿದ್ದೀರಿ. ಹೆಚ್ಚುಕಮ್ಮಿ ನನ್ನ ಕಥೆಯೇ ಇದು. ಮೊದಲು ಆ ದಿನಾಂಕವನ್ನು ಇನ್ನೊಂದು ಸಲ ನೋಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

2017ರ ಏಪ್ರಿಲ್ 22, ಶನಿವಾರ. ಮರುದಿನ ನಾರ್ತ್ ಕ್ಯಾರೊಲಿನಾದ ಕ್ಯಾರಿಯಲ್ಲಿ ದೊಡ್ಡಪ್ಪನ ಮಗನ ಗೃಹಪ್ರವೇಶ. ಎಡಿಸನ್‌ನಿಂದ ಬೆಳಗಿನ ಜಾವ ಐದಕ್ಕೇ ಹೊರಟಿದ್ದೆವು. ಪಕ್ಕದಲ್ಲಿ ಹೆಂಡತಿ, ಹಿಂದೆ ಅಮ್ಮ. ಅಮ್ಮ ಊರಿಂದ ಬಂದು ಮೂರು ವಾರ ಆಗಿತ್ತು, ತೊಡೆಯ ಮೇಲೆ ಪುಳಿಯೋಗರೆ ಡಬ್ಬಿ. ವಾಷಿಂಗ್ಟನ್ ದಾಟುವಷ್ಟರಲ್ಲಿ ಟ್ರಾಫಿಕ್‌ನಲ್ಲಿ ಸಿಕ್ಕಿ ಜೀವ ಹಣ್ಣಾಗಿತ್ತು. ಪೀಟರ್ಸ್‌ಬರ್ಗ್‌ನಲ್ಲಿ ಐ-85 ಹೆದ್ದಾರಿ ಹಿಡಿದ ಮೇಲೆ ನೋಡಿ, ರಸ್ತೆ ಖಾಲಿ. ಎರಡೂ ಕಡೆ ಪೈನ್ ಮರ, ಉದ್ದಕ್ಕೆ ಸಣ್ಣ ಏರಿಳಿತ. ಮಧ್ಯದ ಮರಗಳ ಸಂದಿಯಲ್ಲಿ ಟ್ರೂಪರ್, ಅಂದರೆ ರಾಜ್ಯ ಪೊಲೀಸಿನ ಗಾಡಿ ನಿಂತಿದ್ದು ನನಗೆ ಕಂಡಿದ್ದು ಅದು ಹಿಂದಿನಿಂದ ನೀಲಿ ದೀಪ ಹಾಕಿದಾಗಲೇ.

84 ಅಂದ ಪೊಲೀಸ್. ನಮ್ಮ ಲೆಕ್ಕದಲ್ಲಿ ಗಂಟೆಗೆ 135 ಕಿಲೋಮೀಟರ್. ಕಿಟಕಿ ಇಳಿಸಿದ ಕೂಡಲೇ ಪುಳಿಯೋಗರೆ ಗೊಜ್ಜಿನ ವಾಸನೆ ಅವನ ಮುಖಕ್ಕೆ ಹೊಡೆದಿರಬೇಕು, ಒಂದು ಹೆಜ್ಜೆ ಹಿಂದೆ ಸರಿದ. ಅಮ್ಮ ಹಿಂದಿನಿಂದ ಮೆಲ್ಲಗೆ, “ಎಷ್ಟು ಕೊಡ್ಬೇಕಂತೆ ಕೇಳೋ, ಕೊಟ್ಟು ಹೊರಡೋಣ” ಅಂದರು. “ಅಮ್ಮಾ, ಸುಮ್ನಿರು” ಅಂದೆ. ಅವನು ತಂದ ಹಾಳೆಗೆ ಸಹಿ ಹಾಕಿದೆ. ಸಹಿ ಅಂದರೆ ತಪ್ಪು ಒಪ್ಪಿಕೊಂಡ ಹಾಗಲ್ಲ, ಕೋರ್ಟಿಗೆ ಬರುತ್ತೇನೆ ಅಂತ ಮಾತು ಕೊಟ್ಟ ಹಾಗೆ ಅಂತ ಬಿಡಿಸಿ ಹೇಳಿದ. ನಾನು ತಲೆ ಆಡಿಸಿದೆ. ಕೇಳಿಸಿದ್ದು ಅರ್ಧ.

ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಪ್ರಶ್ನೆಯೂ ನಮ್ಮಮ್ಮನ ಪ್ರಶ್ನೆಯೇ. ಎಷ್ಟು, ಎಲ್ಲಿ ಕಟ್ಟಬೇಕು, ಮುಗೀತಾ? ನ್ಯೂಜೆರ್ಸಿಯಲ್ಲಾದರೆ ಇದು ದಂಡ, ಲೈಸೆನ್ಸ್ ಮೇಲೆ ತಪ್ಪಿನ ಪಾಯಿಂಟ್ ಅಷ್ಟರಲ್ಲಿ ಮುಗಿಯುವ ವಿಷಯ. ವರ್ಜೀನಿಯಾದ್ದು ಬೇರೆಯೇ ಲೆಕ್ಕ. ಅಲ್ಲಿ ಮಿತಿಗಿಂತ 20 ಮೈಲಿ ಜಾಸ್ತಿ ಹೋದರೆ, ಇಲ್ಲವೇ ಮಿತಿ ಎಷ್ಟೇ ಇರಲಿ 85 ದಾಟಿದರೆ, ಅದು ಸ್ಪೀಡಿಂಗ್ ಅಲ್ಲ, ರೆಕ್‌ಲೆಸ್ ಡ್ರೈವಿಂಗ್, ಅಂದರೆ ಬೇಕಾಬಿಟ್ಟಿ ಗಾಡಿ ಓಡಿಸಿದ ಅಪರಾಧ. ನನ್ನ ಕಾಲಕ್ಕೆ ಆ ಗೆರೆ 80ಕ್ಕೇ ಇತ್ತು, 2020ರ ಜುಲೈನಲ್ಲಿ 85ಕ್ಕೆ ಏರಿಸಿದರು. ಬರೀ 18 ಜಾಸ್ತಿ ತಾನೇ ಅಂತ ನೀವು ಸಮಾಧಾನ ಮಾಡಿಕೊಂಡಿದ್ದೀರಿ. ಆದರೆ 88 ಅಂದರೆ ಎರಡನೇ ಗೆರೆ ದಾಟಿದ್ದೀರಿ. ಹಾಳೆಯಲ್ಲಿ ಕಾನೂನಿನ ಸೆಕ್ಷನ್ 46.2-862 ಅಂತ ಇದೆಯಾ ನೋಡಿ. ಇದ್ದರೆ ಅದು ಕ್ಲಾಸ್ 1 ಮಿಸ್‌ಡಿಮೀನರ್, ಅಂದರೆ ಕ್ರಿಮಿನಲ್ ಕೇಸ್. ಕಾನೂನಿನ ಪುಸ್ತಕದಲ್ಲಿ 12 ತಿಂಗಳವರೆಗೆ ಜೈಲು, 2,500 ಡಾಲರ್‌ವರೆಗೆ ದಂಡ. ನಿಮ್ಮ ವೇಗಕ್ಕೆ ಜೈಲಿನ ಚಿಂತೆ ಮಾಡುತ್ತಾ ಕೂರಬೇಡಿ. ಆದರೆ ಇದನ್ನು ಕೋರ್ಟ್ ದಿನಕ್ಕೆ ಮೊದಲೇ ಆನ್‌ಲೈನ್‌ನಲ್ಲಿ ಕಟ್ಟಿ ಮುಗಿಸುವ ದಾರಿಯೇ ಇಲ್ಲ. ಒಂದು ವೇಳೆ ಇದ್ದರೂ ಕಟ್ಟಬಾರದು. ಕಟ್ಟುವುದು ಅಂದರೆ ತಪ್ಪು ಒಪ್ಪಿಕೊಳ್ಳುವುದು.

ಈಗ ನನ್ನ ಪೆದ್ದುತನಕ್ಕೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ನನ್ನ ಹಾಳೆಯಲ್ಲಿ ಇದ್ದದ್ದು 06/07/2017, ಬೆಳಗ್ಗೆ 9 ಗಂಟೆ. ನಾನು ಓದಿಕೊಂಡಿದ್ದು ಜುಲೈ 6. ಇದ್ದದ್ದು ಜೂನ್ 7.

ಅಮೆರಿಕಕ್ಕೆ ಬಂದು ಆಗಲೇ ಎರಡು ವರ್ಷ ಆಗಿತ್ತು. ಆಫೀಸಿನಲ್ಲಿ ದಿನಾ ತಿಂಗಳು ಮೊದಲು, ತಾರೀಖು ಆಮೇಲೆ ಅಂತಲೇ ಬರೆಯುತ್ತಿದ್ದೆ. ಗೊತ್ತಿಲ್ಲದೆ ಮಾಡಿದ ತಪ್ಪಲ್ಲ. ಆದರೆ ಕೈ ನಡುಗುತ್ತಿದ್ದಾಗ ಕಣ್ಣು ಓದಿದ್ದು ಪ್ರೈಮರಿ ಶಾಲೆಯ ಬೋರ್ಡಿನ ಮೇಲಿನ ದಿನಾಂಕದ ಹಾಗೆ. 06/17 ಅಂತ ಇದ್ದಿದ್ದರೆ ಹದಿನೇಳನೇ ತಿಂಗಳು ಎಲ್ಲಿದೆ ಅಂತ ತಡವರಿಸುತ್ತಿದ್ದೆ, ಉಳಿದುಕೊಳ್ಳುತ್ತಿದ್ದೆ. ಎರಡೂ ಅಂಕಿ 12ರ ಒಳಗಿದ್ದರೆ ಹಾಗೆ ಎಡವುವುದಕ್ಕೂ ಆಗುವುದಿಲ್ಲ. ಜುಲೈ 6 ಗುರುವಾರ, ಜುಲೈ 4ರ ರಜೆಗೆ ಒತ್ತಿಕೊಂಡೇ ಬರುತ್ತದೆ. ಎಷ್ಟು ಅನುಕೂಲ ಆಯಿತು ಅಂತ ಖುಷಿಪಟ್ಟು ಮ್ಯಾನೇಜರ್ ಹತ್ತಿರ ರಜೆ ಕೂಡ ಹೇಳಿಟ್ಟೆ. ಫೋನಿನ ಕ್ಯಾಲೆಂಡರ್‌ಗೆ ಹಾಕಿದೆ. ಒಂದು ಸಲ ಹಾಕಿದ ಮೇಲೆ ಕ್ಯಾಲೆಂಡರನ್ನೇ ನೋಡುತ್ತೀವಿ ಹೊರತು ಹಾಳೆಯನ್ನು ಯಾರು ನೋಡುತ್ತಾರೆ? ಹಾಳೆ ಕಾರಿನ ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಟಿಶ್ಯೂ ಪೇಪರ್ ಕೆಳಗೆ ಮಲಗಿತ್ತು.

ಸಾಲದ್ದಕ್ಕೆ, ಟಿಕೆಟ್ ಸಿಕ್ಕ ವಾರದಿಂದಲೇ ವರ್ಜೀನಿಯಾ ಲಾಯರ್‌ಗಳ ಕಾಗದಗಳು ಮನೆಗೆ ಬರತೊಡಗಿದವು. ನಿಮಗೂ ಬರುತ್ತವೆ, ಕೋರ್ಟ್ ದಾಖಲೆ ನೋಡಿ ಹೆಸರು ತೆಗೆದುಕೊಂಡು ಕಳಿಸುತ್ತಾರೆ. ಎಲ್ಲವೂ ಜಂಕ್ ಮೇಲ್ ಅಂತ ಬುಟ್ಟಿಗೆ ಹಾಕಿದೆ. ಒಂದು ಮಾತ್ರ ಉಳಿಯಿತು, ಅದರ ಹಿಂಬದಿ ಖಾಲಿ ಇತ್ತು ಅನ್ನುವ ಕಾರಣಕ್ಕೆ. ಅಮ್ಮ ಅದರ ಮೇಲೆ ತೊಗರಿಬೇಳೆ, ಹುಣಸೆಹಣ್ಣು, ಕರಿಬೇವು, ಗೋಧಿಹಿಟ್ಟು ಅಂತ ಪಟ್ಟಿ ಮಾಡಿ ಫ್ರಿಜ್‌ಗೆ ಅಂಟಿಸಿದ್ದರು. ಜೂನ್ 24ರ ಶನಿವಾರ ಓಕ್ ಟ್ರೀ ರೋಡ್‌ಗೆ ದಿನಸಿ ತರಲು ಹೋದಾಗ ಕರಿಬೇವಿನ ಮುಂದೆ ನಿಂತು ಆ ಪಟ್ಟಿಯನ್ನು ಸುಮ್ನೆ ತಿರುಗಿಸಿದೆ. “ಜೂನ್ 7ರಂದು ನಿಮ್ಮ ವಿಚಾರಣೆ” ಅಂತ ಇಂಗ್ಲಿಷಿನಲ್ಲಿ, ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದಿದ್ದರು. ಏಳು ವಾರ ಫ್ರಿಜ್ ಬಾಗಿಲಲ್ಲೇ ಇತ್ತು.

ವರ್ಜೀನಿಯಾದ ಜನರಲ್ ಡಿಸ್ಟ್ರಿಕ್ಟ್ ಕೋರ್ಟ್‌ಗಳ ಕೇಸುಗಳನ್ನು ಹೆಸರು ಹಾಕಿ ಆನ್‌ಲೈನ್‌ನಲ್ಲಿ ಯಾರು ಬೇಕಾದರೂ ಹುಡುಕಬಹುದು, ದುಡ್ಡೂ ಇಲ್ಲ. ಅಂಗಡಿಯ ಪಾರ್ಕಿಂಗ್‌ನಲ್ಲೇ ನಿಂತು ನೋಡಿದೆ. ನನ್ನ ಹೆಸರಿನ ಮುಂದೆ “ಗಿಲ್ಟಿ ಇನ್ ಆಬ್ಸೆಂಶಿಯಾ.” ನಾನಿಲ್ಲದೆಯೇ ತೀರ್ಪಾಗಿತ್ತು. ಮೇಲಿನ ಕೋರ್ಟಿಗೆ ಅಪೀಲು ಹೋಗಲು ಇರುವುದು 10 ದಿನ, ಆಗಲೇ 17 ಆಗಿತ್ತು. ಡಿಸೆಂಬರ್‌ನಲ್ಲಿ ವೀಸಾ ಸ್ಟ್ಯಾಂಪಿಂಗ್‌ಗೆ ಚೆನ್ನೈಗೆ ಹೋಗಬೇಕಿತ್ತು. ವೀಸಾ ಅರ್ಜಿಯ ಡಿಎಸ್-160 ಫಾರ್ಮಿನಲ್ಲಿ ನಿಮ್ಮನ್ನು ಯಾವತ್ತಾದರೂ ಬಂಧಿಸಿದ್ದಾರಾ, ಯಾವುದಾದರೂ ಅಪರಾಧದಲ್ಲಿ ಶಿಕ್ಷೆ ಆಗಿದೆಯಾ ಅಂತ ನೇರವಾಗಿ ಕೇಳುತ್ತಾರೆ. ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಉಳಿಸಿದ್ದು ಅದೇ ಕಾಗದ. ಸೋಮವಾರ ಬೆಳಗ್ಗೆ ಆ ಲಾಯರ್‌ಗೇ ಫೋನ್ ಮಾಡಿದೆ. ಕೇಳಿ ನಕ್ಕುಬಿಟ್ಟರು, ಆಮೇಲೆ ಕ್ಷಮೆ ಕೇಳಿದರು. ತೀರ್ಪಾಗಿ 60 ದಿನದೊಳಗೆ ತಕ್ಕ ಕಾರಣ ತೋರಿಸಿದರೆ ಅದೇ ಕೋರ್ಟು ಕೇಸನ್ನು ಮತ್ತೆ ತೆರೆಯಬಹುದು. ತೆರೆಯಲೇಬೇಕು ಅಂತಿಲ್ಲ, ಜಡ್ಜ್ ಮನಸ್ಸು ಮಾಡಬೇಕು. ಭಾರತದಲ್ಲಿ ತಾರೀಖು ಮೊದಲು ಬರೆಯುತ್ತಾರೆ ಅನ್ನುವುದನ್ನೇ ಕಾರಣವಾಗಿ ಬರೆದು, ಜುಲೈ 6ಕ್ಕೆ ರಜೆ ಕೇಳಿದ್ದ ನನ್ನ ಇಮೇಲ್ ಜೊತೆಗಿಟ್ಟು ಅರ್ಜಿ ಹಾಕಿದರು. ನನಗಿಂತ ಹೆಚ್ಚು ಸಾಕ್ಷಿ ಹೇಳಿದ್ದು ಆ ಇಮೇಲ್. ಜಡ್ಜ್ ಒಪ್ಪಿದರು.

ಆಗಸ್ಟ್‌ನಲ್ಲಿ ನಾನೇ ಹೋದೆ, ಒಬ್ಬನೇ. ಹೋಗುವಾಗ 65 ದಾಟಲಿಲ್ಲ, ಲಾರಿಗಳೆಲ್ಲ ನನ್ನನ್ನು ಹಿಂದೆ ಹಾಕಿ ಹೋದವು. ಅದಕ್ಕೆ ಮೊದಲು ಲಾಯರ್ ಹೇಳಿದಂತೆ 8 ಗಂಟೆಯ ಡ್ರೈವಿಂಗ್ ಕ್ಲಾಸ್ ಮುಗಿಸಿದ್ದೆ. ಗ್ಯಾರೇಜ್‌ನಲ್ಲಿ ಸ್ಪೀಡೋಮೀಟರ್ ಪರೀಕ್ಷೆ ಮಾಡಿಸಿ ಸರ್ಟಿಫಿಕೇಟ್ ತಂದಿದ್ದೆ. ಮೀಟರ್ ನಿಜಕ್ಕಿಂತ 3 ಮೈಲಿ ಕಮ್ಮಿ ತೋರಿಸುತ್ತಿತ್ತಂತೆ. ಕೋರ್ಟಿನಲ್ಲಿ ನನ್ನ ಸರದಿ ಎರಡು ನಿಮಿಷವೂ ಇರಲಿಲ್ಲ. ಇಂಪ್ರಾಪರ್ ಡ್ರೈವಿಂಗ್‌ಗೆ ಇಳಿಸಿದರು. ಅದು ಕ್ರಿಮಿನಲ್ ಅಲ್ಲ, ಬರೀ ಟ್ರಾಫಿಕ್ ತಪ್ಪು. ರೆಕ್‌ಲೆಸ್ ಆಗಿದ್ದರೆ ವರ್ಜೀನಿಯಾ ಡಿಎಂವಿ (ಅಲ್ಲಿನ ಆರ್‌ಟಿಒ) ದಾಖಲೆಯಲ್ಲಿ 11 ವರ್ಷ ಕೂರುತ್ತಿತ್ತು, ಇದು 3 ವರ್ಷ. ದಂಡ 200 ಡಾಲರ್, ಲಾಯರ್‌ಗೆ 1,100. ಮೊದಲೇ ದಿನಾಂಕ ಸರಿಯಾಗಿ ಓದಿದ್ದರೆ ಫೀಸು ಇದರ ಅರ್ಧ ಆಗುತ್ತಿತ್ತು ಅಂತ ಅವರೇ ಹೇಳಿದರು. ಯಾಕೆ ಹೇಳಿದರೋ!

ನಿಮಗೆ ಹೇಳುವುದು ಇಷ್ಟು. ದೂರದಿಂದಲೇ ಮುಗಿಸಬಹುದಾ ಅಂದರೆ ಮುಗಿಸಬಹುದು, ಆದರೆ ಕಾರ್ಡ್ ಉಜ್ಜಿ ಅಲ್ಲ. ಲಾಯರ್ ಹಿಡಿಯಿರಿ. ಎಡಿಸನ್ನಿನವರು ಬೇಡ, ಟಿವಿಯಲ್ಲಿ ಜಾಹೀರಾತು ಕೊಡುವ ದೊಡ್ಡ ಊರಿನವರೂ ಬೇಡ. ಆ ಕೌಂಟಿಯ ಕೋರ್ಟಿಗೆ ವಾರವಾರ ಹೋಗುವ ಸಣ್ಣ ಲಾಯರ್ ಬೇಕು. ನಾನು ಬರದೆ ನೀವೊಬ್ಬರೇ ನಿಂತರೆ ಈ ಜಡ್ಜ್ ಒಪ್ಪುತ್ತಾರಾ ಅಂತ ಅವರನ್ನೇ ಕೇಳಿ. ಕೆಲವರು ಒಪ್ಪುತ್ತಾರೆ, ಕೆಲವರಿಗೆ ಮುಖ ನೋಡಬೇಕು. ಬರಬೇಕು ಅಂದರೆ ಗೊಣಗದೆ ಹೋಗಿ. ಹಾಳೆಯಲ್ಲಿ ರೆಕ್‌ಲೆಸ್ ಅಲ್ಲದೆ ಬರೀ ಸ್ಪೀಡಿಂಗ್ ಅಂತಿದ್ದರೆ ಇಷ್ಟೆಲ್ಲ ರಾಮಾಯಣ ಬೇಡ. ಕಟ್ಟಿ ಮಲಗಿ. ಹೊರರಾಜ್ಯದ ಟಿಕೆಟ್‌ಗೆ ನ್ಯೂಜೆರ್ಸಿ 2 ಪಾಯಿಂಟ್ ಹಾಕುತ್ತದೆ, ಅಷ್ಟೇ. ಆದರೆ ಬೇರೆ ರಾಜ್ಯ ತಾನೇ, ಇಲ್ಲಿಗೇನು ಗೊತ್ತಾಗುತ್ತೆ ಅನ್ನುವ ವಾಟ್ಸಾಪ್ ಗುಂಪಿನ ಪಂಡಿತರ ಮಾತು ಮಾತ್ರ ಕೇಳಬೇಡಿ. ಈ ರಾಜ್ಯಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಅಲ್ಲಿ ಉತ್ತರ ಕೊಡದೆ ಕೂತರೆ ಇಲ್ಲಿ ಲೈಸೆನ್ಸ್ ಹೋಗುತ್ತದೆ.

ಮತ್ತೆ ಆ 05/06. ಇನ್ನೂ ಬೇಕಾದಷ್ಟು ಟೈಮಿದೆ ಅಂತ ಬರೆದಿದ್ದೀರಲ್ಲ, ಜೂನ್ 5 ಅಂತ ತಿಳಿದುಕೊಂಡು ತಾನೇ? ಅದು ಮೇ 6. ಈಗಲೇ ಫೋನ್ ಮಾಡಿ.