ವಾಯುಮಾರ್ಗ ಮುಚ್ಚಿತು, ಮಾರ್ಜಿನ್ ಕರೆ ಬಂತು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವ್ಯಕ್ತಿಯ ಉದ್ಯೋಗ, ಕುಟುಂಬದ ವಿವರ ಮತ್ತು ಮೊತ್ತಗಳನ್ನು ಬದಲಿಸಲಾಗಿದೆ. ಮಾರುಕಟ್ಟೆಯ ತಾರೀಖುಗಳು ಇದ್ದ ಹಾಗೇ ಇವೆ.)

ಗಂಡ ಕಾಲೇಜು ಉಪನ್ಯಾಸಕರು, ವಯಸ್ಸು 47. ಹೆಂಡತಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮಗಳು ಎಂಜಿನಿಯರಿಂಗ್ ಓದುತ್ತಿದ್ದಾಳೆ, ಆಗಸ್ಟ್ ಮಧ್ಯದೊಳಗೆ 2.10 ಲಕ್ಷ ರೂಪಾಯಿ ಶುಲ್ಕ ಕಟ್ಟಬೇಕು. ಇಬ್ಬರೂ ನಮ್ಮಲ್ಲಿಗೆ ಆಪ್ತಸಲಹೆಗೆ ಬಂದದ್ದು 2025ರ ಜೂನ್ ಮೂರನೇ ವಾರ. ಗಂಡ ಕೇಳಿದ್ದು ಒಂದೇ: ಇರಾನ್–ಇಸ್ರೇಲ್ ಯುದ್ಧ ಶುರುವಾಗಿದೆ, ವಿಮಾನಯಾನದ ಷೇರು ಇಟ್ಟುಕೊಳ್ಳಲೇ, ಮಾರಲೇ? ಹೆಂಡತಿ ಹೇಳಿದ್ದು ಬೇರೆ: "ಮೇಡಂ, ಇವರು ರಾತ್ರಿ ಎರಡು ಗಂಟೆಗೆ ಎದ್ದು ಕೂತು ಕಚ್ಚಾ ತೈಲದ ರೇಟ್ ನೋಡ್ತಾರೆ. ಎಷ್ಟು ಹಾಕಿದ್ದಾರೆ ಅಂತ ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ."

ಮೊದಲ ಭೇಟಿಯಲ್ಲಿ ನಾವು ಸಲಹೆ ಕೊಡಲಿಲ್ಲ. ಬ್ರೋಕರ್ ಆ್ಯಪ್‌ನಿಂದ ಲೆಡ್ಜರ್ (ಖಾತೆಯ ಜಮಾ–ಖರ್ಚಿನ ಪಟ್ಟಿ) ಮತ್ತು ಪ್ರತಿ ವ್ಯವಹಾರದ ಕಾಂಟ್ರಾಕ್ಟ್ ನೋಟ್‌ಗಳನ್ನು ಇಳಿಸಿಕೊಂಡು ಬರಲು ಹೇಳಿದೆವು. ನಡೆದದ್ದನ್ನು ಬಾಯಲ್ಲಿ ಹೇಳುವಾಗ ಯಾರಾದರೂ ಬಡ್ಡಿ, ದಂಡ, ಮಧ್ಯದ ಸಣ್ಣ ವ್ಯವಹಾರಗಳನ್ನು ಬಿಟ್ಟೇಬಿಡುತ್ತಾರೆ. ಲೆಡ್ಜರ್ ಬಿಡುವುದಿಲ್ಲ.

ಅದರ ಪ್ರಕಾರ ನಡೆದದ್ದು ಹೀಗೆ. 2023ರಲ್ಲಿ ಹತ್ತಿರದ ಊರಿಗೆ ಹೊಸ ವಿಮಾನ ನಿಲ್ದಾಣ ಬಂತು. ಬೆಂಗಳೂರಿಗೆ ಹೋದಾಗ ಸೀಟೆಲ್ಲ ಭರ್ತಿಯಾಗಿದ್ದು ಕಂಡು, ವಿಮಾನಯಾನ ಕಂಪನಿಯೊಂದರ ಷೇರಿಗೆ 1.5 ಲಕ್ಷ ಹಾಕಿದರು. ಒಂದೂಮುಕ್ಕಾಲು ವರ್ಷದೊಳಗೆ ಅದು ಹೆಚ್ಚುಕಡಿಮೆ ಎರಡರಷ್ಟಾಯಿತು. ಆ ಧೈರ್ಯದ ಮೇಲೆ 2025ರ ಏಪ್ರಿಲ್ ಮೂರನೇ ವಾರ ಅದೇ ಷೇರನ್ನು ಇನ್ನೂ 6 ಲಕ್ಷಕ್ಕೆ ಕೊಂಡರು. ಕೈಯ ದುಡ್ಡು 2.40 ಲಕ್ಷ, ಉಳಿದ 3.60 ಲಕ್ಷ ಬ್ರೋಕರ್ ಕೊಟ್ಟ ಮಾರ್ಜಿನ್ ಸಾಲ (ಎಂಟಿಎಫ್, ಕೊಂಡ ಷೇರನ್ನೇ ಅಡವಿಟ್ಟುಕೊಂಡು ಕೊಡುವ ಸಾಲ). ಏಪ್ರಿಲ್ 22ರಂದು ಪಹಲ್ಗಾಮ್ ದಾಳಿ ನಡೆಯಿತು. 24ರಂದು ಭಾರತದ ವಿಮಾನಗಳಿಗೆ ಪಾಕಿಸ್ತಾನ ತನ್ನ ವಾಯುಮಾರ್ಗ ಮುಚ್ಚಿತು. ಷೇರು ಇಳಿಯತೊಡಗಿತು.

ಇಲ್ಲಿ ಲೆಕ್ಕವನ್ನು ನಿಧಾನವಾಗಿ ನೋಡಬೇಕು. ಷೇರು ಶೇ 8 ಇಳಿದರೆ 6 ಲಕ್ಷ 5.52 ಲಕ್ಷವಾಗುತ್ತದೆ, ಸಾಲ ಮಾತ್ರ 3.60 ಲಕ್ಷವೇ ಇರುತ್ತದೆ. ಅಂದರೆ ಅವರ ಪಾಲು 2.40ರಿಂದ 1.92 ಲಕ್ಷಕ್ಕೆ ಬಂತು. ಷೇರಿನ ಶೇ 8 ಅವರ ಜೇಬಿಗೆ ಶೇ 20. ಬ್ರೋಕರ್ ಶೇ 40 ಮಾರ್ಜಿನ್ (ಷೇರಿನ ಈಗಿನ ಬೆಲೆಯಲ್ಲಿ ಕೊಂಡವರ ಸ್ವಂತ ಪಾಲು ಇಷ್ಟಿರಲೇಬೇಕು ಎಂಬ ಮಿತಿ) ಕೇಳುವುದಾದರೆ ಬೇಕಾದದ್ದು 2,20,800. ಕೊರತೆ 28,800, ಅದನ್ನು ತುಂಬಿ ಎಂದು ಬ್ರೋಕರ್ ಹೇಳುವುದೇ ಮಾರ್ಜಿನ್ ಕರೆ. ಗಲಾಟೆಯ ದಿನಗಳಲ್ಲಿ ಬ್ರೋಕರ್ ಮಾರ್ಜಿನ್ ಪ್ರಮಾಣವನ್ನೇ ಏರಿಸಬಹುದು, ಒಪ್ಪಂದದಲ್ಲಿ ಅದಕ್ಕೆ ಅವಕಾಶ ಇರುತ್ತದೆ. ಇವರಿಗೆ ಶೇ 50 ಕೇಳಿದರು. ಕೊರತೆ ಒಮ್ಮೆಗೇ 84,000ಕ್ಕೆ ಹಾರಿತು. ಶೇ 12ರಂತೆ ದಿನಕ್ಕೆ ಸುಮಾರು 118 ರೂಪಾಯಿ ಬಡ್ಡಿ ಬೇರೆ. ಖಾತೆಯಲ್ಲಿ ನಗದು ಇರಲಿಲ್ಲ. ಮೇ 9, ಶುಕ್ರವಾರ, ಗಡಿಯಲ್ಲಿ ಡ್ರೋನ್ ಹಾರಾಡುತ್ತಿದ್ದಾಗ, ಸಾಲದ್ದನ್ನೂ ಹಳೆಯದನ್ನೂ ಎಲ್ಲ ಮಾರಿದರು. ಮೇ 10ರಂದು ಕದನ ವಿರಾಮ. ಸೋಮವಾರ 12ರಂದು ಷೇರುಪೇಟೆಯ ಸೂಚ್ಯಂಕ ನಿಫ್ಟಿ ಒಂದೇ ದಿನ ಶೇ 3.8 ಏರಿತು, ವಿಮಾನಯಾನ ಷೇರುಗಳೂ ಜೋರಾಗಿಯೇ ಏರಿದವು.

ಸ್ಟಾಪ್ ಲಾಸ್ (ಬೆಲೆ ಇಂತಿಷ್ಟಕ್ಕೆ ಇಳಿದರೆ ತಾನಾಗಿ ಮಾರುವ ಆರ್ಡರ್) ಹಾಕಿರಲಿಲ್ಲವೇ ಎಂದು ಕೇಳಿದೆವು. ಹಾಕಿದ್ದರು, ಕೆಲಸ ಮಾಡಲಿಲ್ಲ. ಟ್ರಿಗರ್ (ಆರ್ಡರ್ ಎಚ್ಚರಗೊಳ್ಳುವ ಬೆಲೆ) 1,000, ಲಿಮಿಟ್ (ಇದಕ್ಕಿಂತ ಕಡಿಮೆಗೆ ಮಾರಬೇಡ ಎಂಬ ಬೆಲೆ) 995 ಎಂದು ಇಟ್ಟುಕೊಳ್ಳಿ. ರಾತ್ರಿ ಸುದ್ದಿ ಬಂದು ಬೆಳಿಗ್ಗೆ ಷೇರು 970ಕ್ಕೇ ತೆರೆದರೆ ಆರ್ಡರ್ ಎದ್ದು ನಿಲ್ಲುತ್ತದೆ, ಆದರೆ 995ಕ್ಕೆ ಕೊಳ್ಳುವವರು ಇಲ್ಲ, ಹಾಗೇ ಬಿದ್ದಿರುತ್ತದೆ. ರಾಜಕೀಯ ಸುದ್ದಿ ಹೆಚ್ಚಾಗಿ ಮಾರುಕಟ್ಟೆ ಮುಚ್ಚಿದ ಮೇಲೆಯೇ ಬರುವುದರಿಂದ, ಇಂಥ ಷೇರಿನಲ್ಲಿ ಸ್ಟಾಪ್ ಲಾಸ್ ನಂಬಿ ಸಾಲ ಮಾಡಬಾರದು.

ನಷ್ಟದ ಕಥೆ ಇಲ್ಲಿಗೆ ಮುಗಿದಿದ್ದರೆ ಅವರು ನಮ್ಮಲ್ಲಿಗೆ ಬರುತ್ತಿರಲಿಲ್ಲವೇನೋ. ಮಾರಿದ ಷೇರು ಕಣ್ಣೆದುರೇ ಏರುವುದನ್ನು ಒಂದು ತಿಂಗಳು ನೋಡಿ, ಜೂನ್ 10ರಂದು ಮಗಳ ಶುಲ್ಕದ ದುಡ್ಡೂ ಸೇರಿ 3 ಲಕ್ಷ ಮತ್ತೆ ಅದಕ್ಕೇ ಹಾಕಿದರು. 12ರಂದು ಅಹಮದಾಬಾದ್ ವಿಮಾನ ದುರಂತ. 13ರಂದು ಇರಾನ್ ಮೇಲೆ ಇಸ್ರೇಲ್ ದಾಳಿ, ಬ್ರೆಂಟ್ ತೈಲ ಆ ಒಂದು ದಿನ ಶೇ 7ರಷ್ಟು ಏರಿತು. ನಮ್ಮೆದುರು ಕೂತಾಗ 3 ಲಕ್ಷ 2.85 ಲಕ್ಷವಾಗಿತ್ತು. ಕಳೆದದ್ದನ್ನು, ಮುಂದಿನ ಬೆಲೆಯ ಮೇಲೆ ಪಣವಿಡುವ ಆಪ್ಷನ್‌ನಲ್ಲಿ ಎತ್ತಿಕೊಳ್ಳಬಹುದೇ ಎಂದೂ ಕೇಳಿದರು. ಫ್ಯೂಚರ್ಸ್–ಆಪ್ಷನ್ಸ್ ಆಡಿದ ವ್ಯಕ್ತಿಗತ ಹೂಡಿಕೆದಾರರಲ್ಲಿ ಶೇ 93 ಮಂದಿ 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಕಳೆದುಕೊಂಡಿದ್ದಾರೆ ಎಂಬ ಷೇರುಪೇಟೆ ನಿಯಂತ್ರಕ ಸೆಬಿಯ ಅಧ್ಯಯನವನ್ನು ತೋರಿಸಿದೆವು. ಆ ಮಾತು ಅಲ್ಲಿಗೆ ನಿಂತಿತು.

ಎರಡನೇ ಭೇಟಿಯಲ್ಲಿ ಸುದ್ದಿಯನ್ನು ಓದುವ ಬಗೆ ಕುರಿತು ಮಾತಾಡಿದೆವು. ಅವರಿಗೆ ಎಲ್ಲ ರಾಜಕೀಯ ಸುದ್ದಿಯೂ ಒಂದೇ ತೂಕದ್ದು. ಹಾಗಲ್ಲ, ಅದರಲ್ಲಿ ಮೂರು ಬಗೆ: ಮನಸ್ಸು ಮುಟ್ಟುವುದು, ಖರ್ಚು ಮುಟ್ಟುವುದು, ಅನುಮತಿ ಮುಟ್ಟುವುದು.

ಚುನಾವಣೆಯಂಥದ್ದು ಇಡೀ ಪೇಟೆಯ ಮನಸ್ಸು ಕೆಡಿಸುತ್ತದೆ, ವಿಮಾನ ಕಂಪನಿಯ ಖರ್ಚಿನ ಪಟ್ಟಿಯಲ್ಲಿ ಅವತ್ತಿಗೆ ಏನನ್ನೂ ಬದಲಿಸುವುದಿಲ್ಲ. 2024ರ ಜೂನ್ 4ರಂದು ಮತ ಎಣಿಕೆಯ ದಿನ ನಿಫ್ಟಿ ಶೇ 5.93 ಬಿತ್ತು. ಮೂರು ವಹಿವಾಟಿನ ದಿನ ಕಳೆದು, 7ರಂದು, ಬೀಳುವ ಮುಂಚಿನ ಮಟ್ಟವನ್ನು ದಾಟಿತ್ತು.

ಯುದ್ಧ, ತೈಲ, ರೂಪಾಯಿ ಹಾಗಲ್ಲ, ಅವು ನೇರ ಖರ್ಚಿಗೆ ಬರುತ್ತವೆ. ಆದಾಯ 100, ಖರ್ಚು 92, ಅದರಲ್ಲಿ ಇಂಧನ 30 ಇರುವ ಕಂಪನಿ ಎಂದುಕೊಳ್ಳಿ. ಇಂಧನ ಶೇ 10 ಏರಿದರೆ ಖರ್ಚು 95. ಲಾಭ 8ರಿಂದ 5ಕ್ಕೆ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಾಯ. ತಿಂಗಳ ಹಿಂದೆಯೇ ಮಾರಿದ ಟಿಕೆಟ್‌ಗೆ ಈಗ ದರ ಏರಿಸಲೂ ಬರುವುದಿಲ್ಲ. ವಿಮಾನಗಳ ಬಾಡಿಗೆ ಡಾಲರ್‌ನಲ್ಲಿ ಕೊಡಬೇಕು, ರೂಪಾಯಿ ಇಳಿದರೆ ಅದೂ ಮೇಲೇರುತ್ತದೆ. ವಿಮಾನ ತುಂಬಿತ್ತು ಎಂಬ ಅವರ ಮೊದಲ ಕಾರಣಕ್ಕೆ ಇಷ್ಟೇ ಬೆಲೆ. ಆದರೆ ಒಂದು ದಿನದ ತೈಲ ಜಿಗಿತ ಹಾಗೇ ಉಳಿಯದಿದ್ದರೆ ಲೆಕ್ಕಕ್ಕೇ ಇಲ್ಲ. ವಿಮಾನ ಇಂಧನದ ದರವನ್ನು ನಮ್ಮ ತೈಲ ಕಂಪನಿಗಳು ಪ್ರತಿ ತಿಂಗಳ 1ನೇ ತಾರೀಖು ಬದಲಿಸುತ್ತವೆ. ನೋಡಬೇಕಾದದ್ದು ಅದು, ರಾತ್ರಿ ಎರಡು ಗಂಟೆಯ ಬ್ರೆಂಟ್ ಅಲ್ಲ.

ವಾಯುಮಾರ್ಗದ ವಿಷಯದಲ್ಲಿ ಅವರು ತೀರಾ ಹೆದರಿದ್ದರು. 2019ರ ಫೆಬ್ರವರಿಯಿಂದ ಜುಲೈವರೆಗೂ ಪಾಕಿಸ್ತಾನ ಹೀಗೇ ಮುಚ್ಚಿತ್ತು. ಆಗಿನ ನಷ್ಟವನ್ನು ಸರ್ಕಾರ ಆ ಜುಲೈನಲ್ಲಿ ರಾಜ್ಯಸಭೆಗೆ ತಿಳಿಸಿದೆ: ಏರ್ ಇಂಡಿಯಾಗೆ 491 ಕೋಟಿ, ಸ್ಪೈಸ್‌ಜೆಟ್‌ಗೆ ಸುಮಾರು 31 ಕೋಟಿ, ಇಂಡಿಗೋಗೆ ಸುಮಾರು 25 ಕೋಟಿ. ದೆಹಲಿಯಿಂದ ಯುರೋಪ್, ಅಮೆರಿಕಕ್ಕೆ ಹಾರುತ್ತಿದ್ದದ್ದು ಹೆಚ್ಚಾಗಿ ಏರ್ ಇಂಡಿಯಾ, ಅದರ ಷೇರು ಪೇಟೆಯಲ್ಲೇ ಇಲ್ಲ. ಬೆಂಗಳೂರಿನಿಂದ ದುಬೈಗೆ ಹೋಗುವ ವಿಮಾನಕ್ಕೆ ಅರಬ್ಬಿ ಸಮುದ್ರವೇ ದಾರಿ. 2025ರಲ್ಲೂ ಇಂಡಿಗೋ ನಿಲ್ಲಿಸಿದ್ದು ಅಲ್ಮಾಟಿ ಮತ್ತು ತಾಷ್ಕೆಂಟ್. ಸುತ್ತು ಹೊಡೆದು ಅಲ್ಲಿಗೆ ಮುಟ್ಟಲು ಅದರ ಚಿಕ್ಕ ವಿಮಾನಗಳಿಗೆ ಆಗುತ್ತಿರಲಿಲ್ಲ. ಮುಚ್ಚಿದ ದಾರಿಯಲ್ಲಿ ಯಾರ ವಿಮಾನ ಎಷ್ಟು ಹೋಗುತ್ತಿತ್ತು ಎಂದು ಕೇಳಿದ್ದರೆ, ಏಪ್ರಿಲ್ ಕೊನೆಯಲ್ಲಿ ಅರ್ಧ ಭಯ ಇಳಿಯುತ್ತಿತ್ತು. ಆದರೂ ಮಾರ್ಜಿನ್ ಕೊರತೆ ಇಳಿಯುತ್ತಿರಲಿಲ್ಲ. ಅವರನ್ನು ಮಾರಿಸಿದ್ದು ಪಾಕಿಸ್ತಾನವಲ್ಲ, 3.60 ಲಕ್ಷದ ಸಾಲ.

ಮೂರನೆಯದು ಸರ್ಕಾರದ ಅನುಮತಿ. ಇಂಡಿಗೋ ಟರ್ಕಿಯಿಂದ ಬಾಡಿಗೆಗೆ ತಂದ ಎರಡು ದೊಡ್ಡ ವಿಮಾನಗಳಿಗೆ ವಿಮಾನಯಾನ ನಿಯಂತ್ರಕ ಡಿಜಿಸಿಎ 2025ರ ಮೇ ಕೊನೆಯಲ್ಲಿ ಮೂರೇ ತಿಂಗಳ ವಿಸ್ತರಣೆ ಕೊಟ್ಟದ್ದು ಈ ಬಗೆಯದು. ಇದನ್ನು ಮುಂಚೆ ಊಹಿಸಲು ಹೊರಗಿನವರಿಗೆ ದಾರಿಯಿಲ್ಲ. ಇದಕ್ಕೆ ಮದ್ದು ಹೂಡಿಕೆಯ ಗಾತ್ರವನ್ನು ಚಿಕ್ಕದಾಗಿ ಇಡುವುದೊಂದೇ. ನಾಲ್ಕು ವಿಮಾನ ಕಂಪನಿಗೆ ಹಂಚುತ್ತೇನೆ ಎನ್ನುವಂತೆಯೂ ಇಲ್ಲ: ಏರ್ ಇಂಡಿಯಾ, ಆಕಾಶ, ಸ್ಟಾರ್ ಏರ್ ಯಾವುದೂ ಪೇಟೆಗೆ ಬಂದಿಲ್ಲ. 2019ರ ಏಪ್ರಿಲ್‌ನಲ್ಲಿ ಹಾರಾಟ ನಿಲ್ಲಿಸಿದ ಜೆಟ್ ಏರ್‌ವೇಸನ್ನು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಸಮಾಪನೆಗೆ (ಆಸ್ತಿ ಮಾರಿ ಸಾಲ ತೀರಿಸಿ ಕಂಪನಿ ಮುಚ್ಚಲು) ಕಳಿಸಿತು. ಐದು ವರ್ಷ ಕಾದ ಸಣ್ಣ ಷೇರುದಾರರು ದುಡ್ಡು ಸಿಗುವ ಸರದಿಯಲ್ಲಿ ಎಲ್ಲರಿಗಿಂತ ಹಿಂದೆ.

ಯಾವ ಷೇರು ಕೊಳ್ಳಬೇಕು ಎಂದು ಹೇಳುವುದು ನಮ್ಮ ಕೆಲಸವಲ್ಲ, ಅದಕ್ಕೆ ಸೆಬಿ ನೋಂದಾಯಿತ ಹೂಡಿಕೆ ಸಲಹೆಗಾರರಿದ್ದಾರೆ. ಅವರ ನೋಂದಣಿ ಸಂಖ್ಯೆ ಐಎನ್‌ಎ ಎಂದು ಶುರುವಾಗುತ್ತದೆ, ಸೆಬಿ ತಾಣದಲ್ಲಿ ತಾಳೆ ನೋಡಬಹುದು. ಟೆಲಿಗ್ರಾಂ ಗುಂಪಿನ 'ಗುರು'ಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಮನೆಯ ದುಡ್ಡಿನ ಬಗ್ಗೆ ಮಾತ್ರ ನಾವು ಖಚಿತವಾಗಿ ಹೇಳಿದೆವು. ಶುಲ್ಕದ 2.10 ಲಕ್ಷಕ್ಕಾಗುವಷ್ಟು ಷೇರು ಆ ವಾರವೇ ಮಾರಿ, ದುಡ್ಡನ್ನು ಹೆಂಡತಿಯ ಉಳಿತಾಯ ಖಾತೆಗೆ ಹಾಕುವುದು. ಮಾರಿದ ಮರುದಿನ ದುಡ್ಡು ಬ್ರೋಕರ್ ಖಾತೆಗೆ ಬರುತ್ತದೆ, ಬ್ಯಾಂಕಿಗೆ ಬರಲು ಇನ್ನೊಂದು ದಿನ. ನಡುವೆ ರಜೆ ಬಂದರೆ ಮತ್ತೂ ತಡ. "ಯುದ್ಧ ನಿಂತರೆ ಏರುತ್ತಲ್ಲ ಮೇಡಂ?" ಎಂದರು. ಏರಬಹುದು. ಶುಲ್ಕದ ತಾರೀಖು ಮಾತ್ರ ಕದನ ವಿರಾಮಕ್ಕೆ ಕಾಯುವುದಿಲ್ಲ. (ಜೂನ್ 24ರಂದು ಕದನ ವಿರಾಮವಾಗಿ ತೈಲ ಇಳಿಯಿತು, ಷೇರು ಏರಿತು. ಸಲಹೆಯನ್ನು ನಾವು ಬದಲಿಸಲಿಲ್ಲ.)

ಉಳಿದ 75,000ವನ್ನು ಅವರ ಮ್ಯೂಚುವಲ್ ಫಂಡ್‌ನ 6 ಲಕ್ಷದ ಜೊತೆ ಸೇರಿಸಿ ನೋಡಿದೆವು. ಒಂದು ಷೇರಿಗೆ ಶೇ 5 ಮಿತಿ ಎಂದರೆ ಸುಮಾರು 34,000. ಮಿಕ್ಕ 41,000ವನ್ನು ಜುಲೈ 15 ಮತ್ತು ಆಗಸ್ಟ್ 15ರ ಆಸುಪಾಸು ಎರಡು ಕಂತಿನಲ್ಲಿ, ಸುದ್ದಿ ಏನೇ ಇರಲಿ, ಮಾರುವುದು. ಮಾರ್ಜಿನ್ ಸಾಲದ ಸೌಲಭ್ಯವನ್ನೇ ಆ್ಯಪ್‌ನಲ್ಲಿ ಮುಚ್ಚಿಸಿದೆವು. ತೆರೆದಿಟ್ಟರೆ ಮತ್ತೆ ಒತ್ತಲು ಒಂದು ಬೆರಳು ಸಾಕು. ಬೆಳಿಗ್ಗೆ 10.15ಕ್ಕೆ ಮುಂಚೆ ಯಾವ ಆರ್ಡರೂ ಬೇಡ, ರಾತ್ರಿ ಫೋನು ಹಾಲ್‌ನಲ್ಲಿ ಚಾರ್ಜಿಗೆ. ಹೆಂಡತಿಗೆ ಲೆಡ್ಜರ್ ಪೂರ್ತಿ ತೋರಿಸುವುದನ್ನು ನಮ್ಮೆದುರೇ ಮಾಡಿಸಿದೆವು. ಆಕೆ ಸಿಟ್ಟಾದರು, ಆಮೇಲೆ ಬಡ್ಡಿಯ ಸಾಲನ್ನು ಆಕೆಯೇ ಕೂಡಿಸಿದರು. ಎರಡು ವಾರದಲ್ಲೂ ನಿದ್ದೆ ಸರಿಯಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಲು ಹೇಳಿದ್ದೆವು, ಕನ್ನಡದಲ್ಲೇ ಮಾತಾಡಬಹುದು.

ಒಂದು ನೋಟ್‌ಬುಕ್ಕನ್ನೂ ಇಡಿಸಿದೆವು: ತಾರೀಖು, ಸುದ್ದಿ, ಅದು ಮುಟ್ಟುವುದು ಮನಸ್ಸನ್ನೋ ಖರ್ಚನ್ನೋ ಅನುಮತಿಯನ್ನೋ, ಕೊನೆಯ ಕಾಲಂನಲ್ಲಿ ಒಂದು ಅಂಕಿ. ಅಂಕಿ ಸಿಗದ ಸುದ್ದಿಗೆ ಆರ್ಡರ್ ಇಲ್ಲ.

ಡಿಸೆಂಬರ್‌ನಲ್ಲಿ ಫೋನ್ ಮಾಡಿದರು. ಪೈಲಟ್‌ಗಳ ಕೆಲಸದ ಅವಧಿಯ ಹೊಸ ನಿಯಮಕ್ಕೆ ಸಿಬ್ಬಂದಿ ಸಾಲದೆ ಇಂಡಿಗೋದ ಸಾವಿರಾರು ಹಾರಾಟ ರದ್ದಾಗಿದ್ದವು, ಸರ್ಕಾರ ಶೇ 10 ಹಾರಾಟ ಕಡಿತಕ್ಕೆ ಆದೇಶಿಸಿತ್ತು, ಡಾಲರ್ 90 ರೂಪಾಯಿ ದಾಟಿತ್ತು. ನೋಟ್‌ಬುಕ್‌ನಲ್ಲಿ 'ಅನುಮತಿ' ಮತ್ತು 'ಖರ್ಚು' ಎರಡೂ ಬರೆದಿದ್ದರು. ಕೈಯಲ್ಲಿದ್ದದ್ದು ಮೂವತ್ತು ಸಾವಿರದ ಆಸುಪಾಸಿನ ಷೇರು. ಮಾರಿರಲಿಲ್ಲ, ಕೊಂಡೂ ಇರಲಿಲ್ಲ. ಕೇಳಿದ್ದು ತೆರಿಗೆಯ ಬಗ್ಗೆ. ಮೇ ತಿಂಗಳ ಸಾಲದ ಷೇರಿನ 48,000 ಅಲ್ಪಾವಧಿ ನಷ್ಟ. ಅದೇ ದಿನ ಮಾರಿದ ಹಳೆಯ ಷೇರಿನ ದೀರ್ಘಾವಧಿ ಲಾಭದ ಎದುರು ಅದನ್ನು ಹೊಂದಿಸಬಹುದು. ಎರಡೂ 2025–26ರ ಲೆಕ್ಕಕ್ಕೆ ಬರುತ್ತವೆ. ಹೊಂದಿಸಿದ ಮೇಲೂ ನಷ್ಟ ಉಳಿದರೆ, ಅದನ್ನು ಎಂಟು ವರ್ಷ ಮುಂದಕ್ಕೆ ಒಯ್ಯಲು ರಿಟರ್ನ್ ಗಡುವಿನೊಳಗೆ ಸಲ್ಲಿಸಿರಬೇಕು. ಲೆಡ್ಜರ್ ಮತ್ತು ಬ್ರೋಕರ್ ಕೊಡುವ ತೆರಿಗೆ ವರದಿ ಹಿಡಿದು ಏಪ್ರಿಲ್‌ನಲ್ಲೇ ಆಡಿಟರ್ ಬಳಿ ಹೋಗಲು ಹೇಳಿ, ಫೈಲ್ ಮುಚ್ಚಿದೆವು.