ಸೊಂಟನೋವಿಗೆ ಹೋಲಿಸ್ಟಿಕ್ ಆಸ್ಟಿಯೋಪತಿ ಟ್ರೈ ಮಾಡ್ಬಹುದಾ? ಅಲ್ಲಿ ನಿಜವಾಗ್ಲೂ ಏನ್ ಮಾಡ್ತಾರೆ?

ನಾನು ಆಸ್ಟಿಯೋಪತಿ, ಅಂದ್ರೆ ಮಾಂಸಖಂಡ, ಕೀಲುಗಳನ್ನ ಕೈಯಿಂದ ಒತ್ತಿ ಆಡಿಸಿ ಕೊಡೋ ಚಿಕಿತ್ಸೆ, ಓದಿ ಅದನ್ನೇ ಪ್ರಾಕ್ಟೀಸ್ ಮಾಡ್ತಿರೋನು, ಹಾಗಾಗಿ ನನ್ನ ಉತ್ತರಾನ ಆ ಲೆಕ್ಕ ಇಟ್ಕೊಂಡೇ ಓದಿ. ನೀವು ಬರ್ದಿರೋದು ಏನಂದ್ರೆ, ಇಡೀ ದಿನ ಕೂತು ಮಾಡೋ ಕೆಲಸ, ಸುಮಾರು ತಿಂಗಳಿಂದ ಸೊಂಟ ನೋಯ್ತಿದೆ, ಎಂಆರ್‌ಐನಲ್ಲಿ ಡಿಸ್ಕ್ ಬಲ್ಜ್ (ಬೆನ್ನುಮೂಳೆಗಳ ನಡುವಿನ ಮೆತ್ತೆ ಉಬ್ಬಿರೋದು) ಅಂತ ಬಂದಿದೆ, ಆಪರೇಷನ್ ಬೇಕಾಗಿಲ್ಲ ಅಂತ ಡಾಕ್ಟರ್ ಹೇಳಿ ಮಾತ್ರೆ ಕೊಟ್ಟಿದಾರೆ, ಮಾತ್ರೆ ಬಿಟ್ಟ ತಕ್ಷಣ ನೋವು ವಾಪಸ್. ಈಗ ಯಾರೋ ಹೋಲಿಸ್ಟಿಕ್ ಆಸ್ಟಿಯೋಪತಿಗೆ ಹೋಗಿ ಅಂದಿದಾರೆ, ಆದ್ರೆ ಬೆನ್ನನ್ನ ಟಕ್ ಅಂತ ತಿರುಗಿಸ್ತಾರಂತೆ ಅನ್ನೋ ಭಯ ಒಂದ್ ಕಡೆ, ಅವರ ಕರಪತ್ರದಲ್ಲಿ ಅಸಿಡಿಟಿ, ತಲೆನೋವು, ನಿದ್ದೆ ಎಲ್ಲದಕ್ಕೂ ಪರಿಹಾರ ಅಂತ ಬರ್ದಿರೋದು ನೋಡಿ ಅನುಮಾನ ಇನ್ನೊಂದ್ ಕಡೆ. ಇದಕ್ಕೆ ಪುರಾವೆ ಏನಿದೆ, ಇದರ ಬದಲು ಫಿಸಿಯೋ ಹತ್ರ ಹೋಗ್ಲಾ ಅಂತಲೂ ಕೇಳಿದೀರಾ.

ನೇರವಾಗಿ ಹೇಳ್ತೀನಿ. ಸೊಂಟನೋವಿಗೆ ಟ್ರೈ ಮಾಡ್ಬಹುದು. ಸ್ವಲ್ಪ ಆರಾಮ ಸಿಗೋ ಸಾಧ್ಯತೆ ಇದೆ, ಪವಾಡ ನಿರೀಕ್ಷೆ ಮಾಡ್ಬೇಡಿ. ಮತ್ತೆ ಆ ಆರಾಮ ಉಳಿಯೋದು ಬಿಡೋದು ನಾವು ಕೈಯಲ್ಲಿ ಮಾಡೋದಕ್ಕಿಂತ ನಿಮ್ಮನ್ನ ಎಷ್ಟು ಚೆನ್ನಾಗಿ ಕೇಳ್ತೀವಿ, ನೋಡ್ತೀವಿ, ಮನೆಗೆ ಏನು ಹೇಳಿ ಕಳಿಸ್ತೀವಿ ಅನ್ನೋದರ ಮೇಲೇ ಜಾಸ್ತಿ ನಿಂತಿರುತ್ತೆ.

ಮೊದಲನೇ ಭೇಟಿ ಹೇಗಿರ್ಬೇಕು ಅಂತ ಹೇಳಿದ್ರೆ ನಿಮಗೆ ಅರ್ಧ ಗೊತ್ತಾಗಿಬಿಡುತ್ತೆ. ಮೊದಲು ಮಾತು, ಮುಟ್ಟೋದು ಆಮೇಲೆ. ನೋವು ಯಾವಾಗ ಶುರುವಾಯ್ತು, ಬೆಳಿಗ್ಗೆ ಎದ್ದಾಗ ಜಾಸ್ತಿನಾ ಸಂಜೆಗೆ ಜಾಸ್ತಿನಾ, ಕೆಮ್ಮಿದಾಗ ಚುಳುಕ್ ಅನ್ನುತ್ತಾ, ಕಾಲಿಗೆ ಇಳಿಯುತ್ತಾ, ನಿದ್ದೆ ಹೇಗಿದೆ, ಹಿಂದೆ ಎಲ್ಲಾದ್ರೂ ಬಿದ್ದಿದ್ರಾ, ಯಾವ ಆಪರೇಷನ್ ಆಗಿದೆ, ಯಾವ ಮಾತ್ರೆ ತಗೊಳ್ತಿದೀರಾ, ಮನೇಲಿ ಕೆಲಸದಲ್ಲಿ ಏನ್ ನಡೀತಿದೆ. ಇಷ್ಟೆಲ್ಲಾ ಯಾಕೆ ಅಂತ ಕೆಲವರು ಬೇಜಾರ್ ಮಾಡ್ಕೋತಾರೆ. ಆದ್ರೆ ತಿಂಗಳುಗಟ್ಟಲೆ ಉಳಿಯೋ ನೋವಿಗೂ ನಿದ್ದೆಗೂ ಚಿಂತೆಗೂ ನಿಜವಾದ ಸಂಬಂಧ ಇದೆ, ನಿದ್ದೆಗೆಟ್ಟ ಮೇಲೆ ಅದೇ ನೋವು ಇನ್ನೂ ಜೋರಾಗಿ ಅನ್ಸುತ್ತೆ, ನೋವಿದ್ರೆ ನಿದ್ದೆ ಕೆಡುತ್ತೆ, ಹೀಗೆ ಒಂದಕ್ಕೊಂದು ಹೆಣ್ಕೊಂಡಿರುತ್ತೆ. ಬರೀ ಐದನೇ ಸೊಂಟದ ಮೂಳೆ ನೋಡ್ಕೊಂಡು ಕೂತ್ರೆ ಇದು ಯಾವ್ದೂ ಸಿಗಲ್ಲ.

ಆಮೇಲೆ ನಿಲ್ಲಿಸಿ ನೋಡೋದು. ಮುಂದೆ ಬಗ್ಗಿ ಅಂತೀನಿ. ಬೆರಳು ನೆಲಕ್ಕೆ ತಾಗಿತಾ ಅನ್ನೋದರ ಮೇಲೆ ನನ್ನ ಕಣ್ಣಿರಲ್ಲ, ಬೆನ್ನುಮೂಳೆ ಎಲ್ಲಿ ಬಾಗ್ತಿದೆ, ಎಲ್ಲಿ ಹಲಗೆ ಥರ ನೆಟ್ಟಗೆ ನಿಂತಿದೆ, ವಾಪಸ್ ಏಳುವಾಗ ತೊಡೆ ಮೇಲೆ ಕೈ ಊರ್ತಾರಾ, ಇದನ್ನ ನೋಡ್ತೀನಿ. ಕಾಲಿಗೆ ನೋವು ಇಳಿಯೋರಾದ್ರೆ ಮಂಡಿ, ಹಿಮ್ಮಡಿ ರಿಫ್ಲೆಕ್ಸ್, ಹೆಬ್ಬೆರಳಿನ ಬಲ, ಚರ್ಮದ ಸ್ಪರ್ಶ ಎಲ್ಲಾ ಚೆಕ್ ಮಾಡ್ಲೇಬೇಕು, ಇದನ್ನ ಬಿಟ್ಟು ಸೀದಾ ಟೇಬಲ್ ಮೇಲೆ ಮಲಗಿಸೋರ ಹತ್ರ ಹೋಗ್ಬೇಡಿ. ಒಬ್ಬರು ಬಂದಿದ್ರು, ಬಲಗಡೆ ಸೊಂಟ ಹಿಡ್ಕೊಳ್ಳೋದು ಅಂತ. ಕುಕ್ಕರುಗಾಲಲ್ಲಿ ಕೂರಿ ಅಂದಾಗ ಎಡಗಾಲಿನ ಹಿಮ್ಮಡಿ ಮಾತ್ರ ನೆಲ ಬಿಟ್ಟು ಎದ್ದುಬಿಡ್ತು. ಕೇಳಿದ್ರೆ, ಯಾವಾಗ್ಲೋ ಆ ಪಾದದ ಗಂಟು ಮುರಿದು ಪ್ಲಾಸ್ಟರ್ ಹಾಕಿದ್ರಂತೆ, ಆಮೇಲೆ ಗಂಟು ಪೂರ್ತಿ ಮಡಚೋಕೆ ಬಂದೇ ಇಲ್ಲ, ಸೊಂಟಕ್ಕೂ ಅದಕ್ಕೂ ಏನ್ ಸಂಬಂಧ ಅಂತ ಯಾರಿಗೂ ಹೇಳಿರ್ಲಿಲ್ಲ. ಆ ಕಾಲಿಂದಲೇ ಸೊಂಟನೋವು ಬಂತು ಅಂತ ನಾನು ಅವರಿಗೆ ಹೇಳ್ಲಿಲ್ಲ, ಹಾಗೆ ಗೆರೆ ಎಳೆದು ಹೇಳೋಕಾಗಲ್ಲ. ಆದ್ರೆ ಪ್ರತಿ ಸಲ ಏನಾದ್ರೂ ಎತ್ತುವಾಗ ಅವರು ಮೈಭಾರ ಎಲ್ಲಾ ಬಲಗಡೆ ಹಾಕ್ತಿದ್ದಿದ್ದು ಕಣ್ಣಿಗೆ ಕಾಣ್ತಿತ್ತು, ಹಾಗಾಗಿ ಸೊಂಟದ ಜೊತೆ ಆ ಗಂಟಿಗೂ ಕೆಲಸ ಮಾಡಿದ್ವಿ, ಮೆಟ್ಟಿಲ ಅಂಚಲ್ಲಿ ನಿಂತು ಹಿಮ್ಮಡಿ ಇಳಿಸೋ ಎಕ್ಸರ್‌ಸೈಜ್ ಕೊಟ್ಟೆ. ಇಡೀ ಮನುಷ್ಯನ್ನ ನೋಡೋದು ಅಂತ ನಾವು ಹೇಳ್ಕೊಳ್ಳೋದರಲ್ಲಿ ಗಟ್ಟಿಯಾಗಿರೋ ಭಾಗ ಇಷ್ಟು. ಗಾಳಿಯಲ್ಲಿ ತೇಲೋ ಎನರ್ಜಿ ಮಾತು ಇದರಲ್ಲಿ ಬರಲ್ಲ.

ನಿಮ್ಮ ಎಂಆರ್‌ಐ ಬಗ್ಗೆ ಒಂದು ಮಾತು ಹೇಳ್ಲೇಬೇಕು, ಯಾಕಂದ್ರೆ ನಿಮ್ಮ ಪ್ರಶ್ನೆ ಓದಿದ್ರೆ ನೋವಿಗಿಂತ ಆ ರಿಪೋರ್ಟೇ ನಿಮ್ಮನ್ನ ಜಾಸ್ತಿ ಹೆದರಿಸಿದೆ ಅನ್ಸುತ್ತೆ. 2015ರಲ್ಲಿ ಬೆನ್ನುನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳನ್ನ ಒಟ್ಟು ಸೇರಿಸಿ ನೋಡಿದ ಒಂದು ರಿವ್ಯೂ ಬಂತು. ನೋವೇ ಇಲ್ಲದ 20 ವರ್ಷದವರಲ್ಲೇ ಸುಮಾರು 30% ಜನಕ್ಕೆ ಡಿಸ್ಕ್ ಬಲ್ಜ್ ಇತ್ತು, 80 ವರ್ಷದವರಲ್ಲಿ ಅದು 84%. ಅಂದ್ರೆ ತಲೆಕೂದಲು ನೆರೆಯೋ ಹಾಗೆ ಡಿಸ್ಕೂ ಮಾಗುತ್ತೆ ಅಷ್ಟೇ, ರಿಪೋರ್ಟಲ್ಲಿ ಬಲ್ಜ್ ಅಂತ ಕಂಡ ಮಾತ್ರಕ್ಕೆ ನೋವಿನ ಮೂಲ ಅದೇ ಅಂತ ಆಗಲ್ಲ. ಯಾರಾದ್ರೂ ನಿಮ್ಮ ಸ್ಕ್ಯಾನ್ ಹಿಡ್ಕೊಂಡು ಡಿಸ್ಕ್ ಜಾರಿದೆ, ಮೂಳೆ ಸರಿದಿದೆ, ನಾನು ತಳ್ಳಿ ಕೂರಿಸ್ತೀನಿ ಅಂದ್ರೆ ನಂಬ್ಬೇಡಿ. ಕೈಯಲ್ಲಿ ಒತ್ತಿ ಡಿಸ್ಕ್ ಒಳಗೆ ಕಳಿಸೋಕೆ ಯಾರಿಂದ್ಲೂ ಆಗಲ್ಲ, ಬೆನ್ನುಮೂಳೆ ಹಾಗೆ ಸುಮ್ನೆ ಸರ್ದು ಹೋಗೋ ವಸ್ತುನೂ ಅಲ್ಲ.

ಇನ್ನು ಟಕ್ ಶಬ್ದ. ಬೆರಳ ನೆಟಿಕೆ ಮುರಿದಾಗ ಬರುತ್ತಲ್ಲ, ಅದೇ ಶಬ್ದ ಇದು. ಕೀಲಿನ ಒಳಗೆ ದ್ರವ ಇರುತ್ತೆ, ಎರಡು ಮೇಲ್ಮೈ ಗಬಕ್ಕನೆ ದೂರ ಆದಾಗ ಅಲ್ಲಿ ಒತ್ತಡ ಇಳಿದು ಗ್ಯಾಸ್ ತುಂಬಿದ ಗುಳ್ಳೆ ಹುಟ್ಟುತ್ತೆ. 2015ರಲ್ಲೇ ಬೆರಳಿನ ನೆಟಿಕೆನ ಎಂಆರ್‌ಐ ಒಳಗೇ ಹಿಡಿದು ತೋರಿಸಿದ್ರು. ಮೂಳೆ ಮುರಿಯೋದೂ ಅಲ್ಲ, ಜಾಗಕ್ಕೆ ಬರೋದೂ ಅಲ್ಲ. ಸ್ವಲ್ಪ ಹೊತ್ತು ಆ ಜಾಗ ಸಡಿಲ ಅನ್ಸುತ್ತೆ, ಸುತ್ತ ಇರೋ ಬಿಗಿತ ಇಳಿಯುತ್ತೆ, ಕೆಲವರಿಗೆ ಹಾಯ್ ಅನ್ಸುತ್ತೆ. ನಿಮಗೆ ಅದು ಬೇಡ ಅಂದ್ರೆ ಬೇಡ ಅಂತ ಹೇಳಿ, ಬಿಟ್ಟು ಮಾಡೋ ವಿಧಾನ ಬೇಕಾದಷ್ಟಿದೆ. ಮಾಂಸಖಂಡ ಒತ್ತಿ ಸಡಿಲಿಸೋದು, ಕೀಲನ್ನ ನಿಧಾನಕ್ಕೆ ಆಡಿಸೋದು, ಮತ್ತೆ ಮಸಲ್ ಎನರ್ಜಿ ಅಂತ ಒಂದಿದೆ, ಅದ್ರಲ್ಲಿ ನೀವು ನನ್ನ ಕೈಗೆ ಎದುರಾಗಿ ಮೆಲ್ಲಗೆ ತಳ್ತೀರ, ಒಂದೈದು ಸೆಕೆಂಡ್ ಬಿಟ್ಟು ಸಡಿಲ ಬಿಡ್ತೀರ, ಆ ಕೀಲು ಸ್ವಲ್ಪ ಮುಂದಕ್ಕೆ ಹೋಗುತ್ತೆ. ಅರ್ಧ ಕೆಲಸ ಪೇಷೆಂಟೇ ಮಾಡೋದು ಅನ್ನೋ ಕಾರಣಕ್ಕೇ ನಂಗೆ ಇದು ತುಂಬಾ ಇಷ್ಟ. ಕತ್ತನ್ನ ಜೋರಾಗಿ ತಿರುಗಿಸೋ ವಿಷಯದಲ್ಲಿ ಮಾತ್ರ ನಾನು ತುಂಬಾ ಕಟ್ಟುನಿಟ್ಟು. ಅಪರೂಪವೇ ಆದ್ರೂ ಕತ್ತಿನ ರಕ್ತನಾಳದ ಒಳಪದರ ಹರಿದು ಸ್ಟ್ರೋಕ್ ಆದ ಕೇಸುಗಳು ವರದಿ ಆಗಿವೆ, ಹಾಗಾಗಿ ಒಪ್ಪಿಗೆ ಕೇಳ್ದೆ, ಅಪಾಯ ಹೇಳ್ದೆ ಯಾರೂ ನಿಮ್ಮ ಕತ್ತು ತಿರುಗಿಸೋ ಹಾಗಿಲ್ಲ.

ಪುರಾವೆ ಏನ್ ಹೇಳುತ್ತೆ ಅಂತಲೂ ಕೇಳಿದೀರಾ, ನನ್ನ ವೃತ್ತಿ ಅಂತ ಮುಚ್ಚಿಡಲ್ಲ. ಫ್ರಾನ್ಸಲ್ಲಿ 400 ಜನ ಸೊಂಟನೋವಿನವರ ಮೇಲೆ ಮಾಡಿದ ಟ್ರಯಲ್ 2021ರಲ್ಲಿ ಪ್ರಕಟ ಆಯ್ತು. ಅರ್ಧ ಜನಕ್ಕೆ ನಿಜವಾದ ಆಸ್ಟಿಯೋಪತಿ, ಇನ್ನರ್ಧಕ್ಕೆ ಬರೀ ಮೆಲ್ಲಗೆ ಮುಟ್ಟೋ ನಾಟಕ. ಮೂರು ತಿಂಗಳಾದ ಮೇಲೆ ದಿನನಿತ್ಯದ ಕೆಲಸ ಮಾಡೋದ್ರಲ್ಲಿ ನಿಜವಾದ ಟ್ರೀಟ್‌ಮೆಂಟ್ ತಗೊಂಡವರು ಸ್ವಲ್ಪ ಮುಂದಿದ್ರು, ಆದ್ರೆ ಆ ವ್ಯತ್ಯಾಸ ಪೇಷೆಂಟಿನ ಅನುಭವಕ್ಕೆ ಬರೋಷ್ಟು ದೊಡ್ಡದಲ್ಲ ಅಂತ ಸಂಶೋಧಕರೇ ಬರ್ದಿದಾರೆ. ಯಾವ ಚಿಕಿತ್ಸೆ ಕೊಡ್ಬೇಕು ಅಂತ ಮಾರ್ಗಸೂಚಿ ಬರೆಯೋ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಕೊಟ್ಟ ಸಲಹೆನೂ ಇದೇ ದಾರಿಲಿದೆ, ಕೈಚಿಕಿತ್ಸೆ ಕೊಡಬಹುದು, ಆದ್ರೆ ಎಕ್ಸರ್‌ಸೈಜ್ ಜೊತೆ ಸೇರ್ಸಿ ಮಾತ್ರ, ಒಂಟಿಯಾಗಿ ಅಲ್ಲ. ನನ್ನ ಕೆಲಸನೂ ಹಾಗೇ ನಡೆಯೋದು. ಕೈಯಿಂದ ಸಿಗೋ ಆರಾಮ ಒಂದೆರಡು ದಿನದ್ದು, ಆ ಎರಡು ದಿನದಲ್ಲಿ ನೀವು ಹೆದರಿಕೆ ಬಿಟ್ಟು ಓಡಾಡೋಕೆ ಶುರು ಮಾಡಿದ್ರೆ ಅದೇ ಲಾಭ. ಸುಮಾರು ಜನ ನೆಲದ ಮೇಲಿನ ಪೆನ್ ಎತ್ಕೊಳ್ಳಿ ಅಂದ್ರೂ ಉಸಿರು ಬಿಗಿಹಿಡಿದು ಇಡೀ ಮೈ ಕಲ್ಲು ಮಾಡ್ಕೊಂಡು ಬಗ್ತಾರೆ. ಉಸಿರು ಬಿಡ್ತಾ ಬಗ್ಗಿ ಅಂತ ಹೇಳ್ಕೊಟ್ಟು ನಾಲ್ಕಾರು ಸಲ ಮಾಡ್ಸಿದ್ರೆ ಅವರ ಮುಖನೇ ಬದಲಾಗುತ್ತೆ, ಅಯ್ಯೋ ಅಷ್ಟೇನಾ ಅಂತಾರೆ. ನಂಗೆ ಈ ಕೆಲಸದಲ್ಲಿ ಅತಿ ಖುಷಿ ಕೊಡೋ ಗಳಿಗೆ ಅದು.

ಆ ಕರಪತ್ರದ ವಿಷಯಕ್ಕೆ ಬಂದ್ರೆ, ಅಸಿಡಿಟಿಗೂ ನಿದ್ದೆಗೂ ಬೆನ್ನುಮೂಳೆ ಒತ್ತಿ ಗುಣ ಮಾಡ್ತೀವಿ ಅನ್ನೋದಕ್ಕೆ ನಂಬೋ ಅಂಥ ಆಧಾರ ಇಲ್ಲ. ಈ ಆಸೆಯ ಬೇರು ಹಳೇದು. ಆಸ್ಟಿಯೋಪತಿ ಹುಟ್ಟುಹಾಕಿದ ಆಂಡ್ರ್ಯೂ ಟೇಲರ್ ಸ್ಟಿಲ್ ಅನ್ನೋ ಅಮೆರಿಕದ ವೈದ್ಯ, 1864ರಲ್ಲಿ ಮೆನಿಂಜೈಟಿಸ್‌ಗೆ ಮನೆಯ ಮೂರು ಮಕ್ಕಳನ್ನ ಕಳ್ಕೊಂಡ್ರು, ಆ ಕಾಲದ ಔಷಧಿಗಳ ಮೇಲೆ ಅವರಿಗೆ ನಂಬಿಕೆನೇ ಹೋಯ್ತು. 1874ರಲ್ಲಿ ತಮ್ಮ ಹೊಸ ಪದ್ಧತಿ ಬಗ್ಗೆ ಹೇಳಿದ್ರು, 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಕಾಲೇಜು ತೆಗೆದ್ರು. ದೇಹದ ರಚನೆ ಸರಿ ಇದ್ರೆ ದೇಹ ತನ್ನನ್ನ ತಾನೇ ಸರಿ ಮಾಡ್ಕೊಳ್ಳುತ್ತೆ ಅನ್ನೋದು ಅವರ ನಂಬಿಕೆ, ಹೆಚ್ಚುಕಮ್ಮಿ ಎಲ್ಲಾ ರೋಗಕ್ಕೂ ಅದನ್ನ ಹಚ್ಚಿದ್ರು. ಪಾದರಸದ ಮದ್ದು ಕೊಡ್ತಿದ್ದ ಆ ಕಾಲದಲ್ಲಿ ಅವರ ಸಿಟ್ಟು ನ್ಯಾಯವೇ, ಆದ್ರೆ ಇವತ್ತು ನಾವು ಅವರ ಕಾಳಜಿ ಉಳಿಸ್ಕೊಂಡು ಆ ಅತಿಯಾದ ಮಾತನ್ನ ಬಿಡ್ಬೇಕು. ತಲೆಬುರುಡೆಯ ಮೂಳೆಗಳ ಲಯ ಕೈಗೆ ಸಿಗುತ್ತೆ ಅನ್ನೋ ಕ್ರೇನಿಯಲ್ ಪದ್ಧತಿನೂ ನಾನು ಮಾಡಲ್ಲ, ಒಂದೇ ತಲೆಯನ್ನ ಇಬ್ಬರು ಹಿಡಿದು ನೋಡಿದ್ರೆ ಅವರ ಲೆಕ್ಕ ತಾಳೆ ಆಗಲ್ಲ ಅಂತ ಅಧ್ಯಯನಗಳಲ್ಲೇ ಕಂಡಿದೆ.

ಹೋಗೋ ಮುಂಚೆ ಓದಿದ್ದು ಎಲ್ಲಿ ಅಂತ ವಿಚಾರಿಸಿ, ಇದಕ್ಕೆ ನಾಚ್ಕೋಬೇಡಿ. ಅಮೆರಿಕದಲ್ಲಿ ಡಿಒ (ಡಾಕ್ಟರ್ ಆಫ್ ಆಸ್ಟಿಯೋಪಥಿಕ್ ಮೆಡಿಸಿನ್) ಅಂದ್ರೆ ಔಷಧಿ ಬರೆಯೋ, ಆಪರೇಷನ್ ಮಾಡೋ ಪೂರ್ಣ ವೈದ್ಯರು. ಬ್ರಿಟನ್ನಲ್ಲಿ 1993ರ ಕಾಯ್ದೆ ಪ್ರಕಾರ ರಿಜಿಸ್ಟರ್ ಆಗ್ದೆ ಆಸ್ಟಿಯೋಪಾತ್ ಅನ್ನೋ ಹೆಸರು ಹಾಕ್ಕೊಳ್ಳೋ ಹಾಗಿಲ್ಲ, ಆದ್ರೆ ಅವರು ಎಂಬಿಬಿಎಸ್ ಥರದ ವೈದ್ಯರಲ್ಲ. ಕಾನೂನೇ ಇಲ್ಲದ ಕಡೆ ವಾರಾಂತ್ಯದ ಕೋರ್ಸ್ ಮಾಡಿದವರೂ ಬೋರ್ಡ್ ಹಾಕ್ಬಹುದು. ವೈದ್ಯಕೀಯ ಹಿನ್ನೆಲೆ ಇಲ್ಲದವರಿಗೆ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಇಟ್ಟ ಅಳತೆ 4,200 ಗಂಟೆ, ಅದ್ರಲ್ಲಿ ಕನಿಷ್ಠ 1,000 ಗಂಟೆ ಮೇಲ್ವಿಚಾರಣೆಯಲ್ಲಿ ಪೇಷೆಂಟ್ ನೋಡಿರ್ಬೇಕು. ಫಿಸಿಯೋ ಹತ್ರ ಹೋಗ್ಲಾ ಇದಕ್ಕೆ ಹೋಗ್ಲಾ ಅನ್ನೋ ನಿಮ್ಮ ಪ್ರಶ್ನೆಗೆ, ಒಳ್ಳೇ ಫಿಸಿಯೋ ಹತ್ರದಲ್ಲಿದ್ರೆ ಅಲ್ಲಿಗೇ ಹೋಗಿ, ಸೊಂಟನೋವಿನ ಮಟ್ಟಿಗೆ ನಿಮಗೆ ಏನೂ ಕಮ್ಮಿ ಆಗಲ್ಲ.

ಒಂದು ಮಾತ್ರ ದಯವಿಟ್ಟು ಗಮನ ಇಟ್ಟು ಓದಿ. ತೊಡೆ ಸಂದಿ, ಮಲ ಮೂತ್ರದ ಜಾಗದಲ್ಲಿ ಜೋಮು, ಮೂತ್ರ ಕಟ್ಟೋದು ಅಥವಾ ಗೊತ್ತಾಗದೆ ಹೋಗೋದು, ಎರಡೂ ಕಾಲಲ್ಲಿ ಶಕ್ತಿ ಇಳಿಯೋದು, ಇದ್ರಲ್ಲಿ ಯಾವುದಾದ್ರೂ ಇದ್ರೆ ಅವತ್ತೇ ಎಮರ್ಜೆನ್ಸಿಗೆ ಹೋಗಿ, ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಒತ್ತಿಹೋಗಿರಬಹುದು, ಗಂಟೆಗಳ ಲೆಕ್ಕ ಅದು. ಜ್ವರದ ಜೊತೆ ಬೆನ್ನುನೋವು, ಕಾರಣವಿಲ್ಲದೆ ತೂಕ ಇಳಿಯೋದು, ಹಿಂದೆ ಕ್ಯಾನ್ಸರ್ ಇದ್ದಿದ್ದು, ಮಲಗಿದ್ರೂ ಬಿಡದ ರಾತ್ರಿ ನೋವು ಇದ್ರೂ ಮೊದಲು ಡಾಕ್ಟರ್. ಇವನ್ನ ಕೇಳಿ, ಬೇಕಾದಾಗ ನಾನು ಮುಟ್ಟಲ್ಲ ಆಸ್ಪತ್ರೆಗೆ ಹೋಗಿ ಅಂತ ಚೀಟಿ ಬರ್ದು ಕಳ್ಸೋರೇ ನಿಮ್ಮನ್ನ ಪೂರ್ತಿ ನೋಡ್ತಿರೋರು.

ನಿಮಗೆ ಇದು ಯಾವುದೂ ಇಲ್ಲ ಅಂದ್ರೆ ಮೂರು ನಾಲ್ಕು ಸಿಟ್ಟಿಂಗ್ ಅಂತ ಮನಸ್ಸಲ್ಲಿ ಇಟ್ಕೊಂಡು ಹೋಗಿ. ಅಷ್ಟರಲ್ಲಿ ಕೂರೋ ಸಮಯ, ನಡೆಯೋ ದೂರ, ನಿದ್ದೆ ಈ ಮೂರರಲ್ಲಿ ಒಂದಾದ್ರೂ ಸುಧಾರಿಸಿಲ್ಲ ಅಂದ್ರೆ ನಿಲ್ಲಿಸಿ. ಮೊದಲ ದಿನವೇ ವರ್ಷದ ಪ್ಯಾಕೇಜ್ ತಗೊಳ್ಳಿ ಅಂತ ಕೂರಿಸ್ಕೊಂಡ್ರೆ ಎದ್ದು ಬನ್ನಿ. ಮೊದಲ ಸಲ ಆದ ಮೇಲೆ ಒಂದೆರಡು ದಿನ ಮೈಕೈ ನೋವು ಬರ್ಬಹುದು, ಅದು ಸಾಮಾನ್ಯ, ಆದ್ರೆ ಕಾಲಿಗೆ ಹೊಸದಾಗಿ ಜೋಮು ಇಳಿದ್ರೆ ಅದು ಸಾಮಾನ್ಯ ಅಲ್ಲ, ತಕ್ಷಣ ತೋರಿಸಿ. ನೋವು ಕಾಲಿಗೆ ಇಳಿಯುತ್ತಾ ಇಲ್ವಾ ಅಂತ ನೀವು ಬರ್ದಿಲ್ಲ, ಕಾಮೆಂಟಲ್ಲಿ ತಿಳಿಸಿದ್ರೆ ಯಾವ ಎಕ್ಸರ್‌ಸೈಜಿಂದ ಶುರು ಮಾಡ್ಬಹುದು ಅಂತ ಬರೀತೀನಿ.