ನಿಯಾಮೆಯಲ್ಲಿ ಮಳೆ ಯಾವಾಗ?

ಪ್ರಶ್ನೆ: ಪಶ್ಚಿಮ ಆಫ್ರಿಕಾದ ನೈಜರ್ ಒಣ ದೇಶ ಅಲ್ವಾ? ಅದರ ರಾಜಧಾನಿ ನಿಯಾಮೆಯಲ್ಲಿ 2020ರಲ್ಲಿ ಪ್ರವಾಹ ಬಂದದ್ದು ಹೇಗೆ?

ಉತ್ತರ: ಒಣ ಊರೇ, ಆದರೆ ವರ್ಷದ ಮಳೆ ಹೆಚ್ಚುಕಡಿಮೆ ಎಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಒಟ್ಟು ಸುಮಾರು 500 ಮಿ.ಮೀ., ಅದರಲ್ಲಿ ಆಗಸ್ಟ್ ತಿಂಗಳದ್ದೇ ಜಾಸ್ತಿ. ಗಿನಿ ಕೊಲ್ಲಿಯ ತೇವದ ಗಾಳಿ ಉತ್ತರಕ್ಕೆ ಅಷ್ಟು ದೂರ ತಲುಪುವುದು ಆಗ ಮಾತ್ರ. ಚಳಿಗಾಲದಲ್ಲಿ ಸಹಾರಾ ಕಡೆಯಿಂದ ಬೀಸುವ ಹರ್ಮಟಾನ್ ಗಾಳಿ ತರುವುದು ಬರೀ ಧೂಳು. ಮಳೆಯೂ ಸುಮ್ನೆ ಜಿನುಗುವುದಿಲ್ಲ. ಮೊದಲು ಧೂಳಿನ ಗೋಡೆ ಎದ್ದು ಬರುತ್ತದೆ, ಆಮೇಲೆ ಗುಡುಗು, ಹಿಂದೆಯೇ ಧೋ ಎಂದು ಸುರಿದರೆ ಗಟ್ಟಿ ನೆಲ ಅಷ್ಟು ನೀರು ಹೀರುವುದಿಲ್ಲ. ಊರಿನ ಮೂಲಕ ಹರಿಯುವ ನೈಜರ್ ನದಿಯೂ ಉಕ್ಕುತ್ತದೆ. ತಮಾಷೆಯೆಂದರೆ, ಮಳೆಯೇ ಇಲ್ಲದ ಜನವರಿ ಸುಮಾರಿಗೆ ಈ ನದಿ ಮತ್ತೊಮ್ಮೆ ಏರುತ್ತದೆ, ಯಾಕೆಂದರೆ ದೂರದ ಗಿನಿ ದೇಶದ ಬೆಟ್ಟಗಳ ಮಳೆನೀರು ಅಷ್ಟು ತಡವಾಗಿ ಅಲ್ಲಿಗೆ ಬಂದು ಸೇರುತ್ತದೆ.